ಎಂಟು ರಾಕರು, ಏಳು ಬಿಲ್ಲೆ

ವಾಲ್ವುಗಳ ತಲೆಯ ಮೇಲಿನ ನೀಲಿ ಮಸಿಯಲ್ಲಿ ಏಳು ಗೆರೆಗಳು ಬೈತಲೆ ತೆಗೆದಂತೆ ನಟ್ಟನಡುವೆ ಇದ್ದವು. ಒಂದು ಮಾತ್ರ ಅಂಚಿಗೆ ಓಡಿತ್ತು.

ಧನಲಕ್ಷ್ಮಿ ಇನ್ನಷ್ಟು ಬಗ್ಗಿ ನೋಡಿದಳು. ನಿನ್ನೆ ಬೆಳಿಗ್ಗೆ ಎಂಟೂ ಸರಿಯಾಗಿದ್ದವು. ತಾನೇ ನೀಲಿ ಮಸಿ ಹಚ್ಚಿ, ತಾನೇ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ, ತಾನೇ ನೋಡಿ, ತಾನೇ ಮೆಚ್ಚಿಕೊಂಡು ಮುಚ್ಚಳ ಹಾಕಿದ್ದಳು. ಮೆಚ್ಚುವುದಕ್ಕೆ ಬೇರೆಯವರ ದಾರಿ ಕಾಯುವ ಅಭ್ಯಾಸ ಅವಳಿಗಿರಲಿಲ್ಲ.

ಗೆರೆ ಓಡಿದ್ದ ಮೊದಲನೆಯ ವಾಲ್ವಿನ ರಾಕರನ್ನು ಬಿಚ್ಚಿ ಎತ್ತಿದಳು. ಅದರ ಬುಡದಲ್ಲಿ ಇರಬೇಕಾಗಿದ್ದ ಉಕ್ಕಿನ ಬಿಲ್ಲೆ — ಇರಲಿಲ್ಲ!

ನೆಲ ಗುಡಿಸಿದಳು. ಎಣ್ಣೆ ತಟ್ಟೆ ಸೋಸಿದಳು. ಕಸದ ಡಬ್ಬಿ ಬೋರಲು ಹಾಕಿದಳು. ಇಲ್ಲ.

ತಿಪಟೂರಿನ ಹಾಸನ ರಸ್ತೆಯಲ್ಲಿದ್ದ ಅವಳ ಶೆಡ್ಡಿಗೆ ಆ ಎಂಜಿನ್ ಬಂದದ್ದೇ ಒಂದು ಅವಮಾನದ ಕಥೆ. ತುರುವೇಕೆರೆಯ ಗಂಗಾಧರ್ ತನ್ನ ಹಳೆಯ ಜೀಪಿಗೆ ವಿದೇಶದಿಂದ ರೋಲರ್ ರಾಕರುಗಳನ್ನು ತರಿಸಿದ್ದ. ವಾಲ್ವನ್ನು ಒತ್ತುವ ತೋಳಿಗೆ ರಾಕರ್ ಎಂದು ಹೆಸರು. ಹಳೆಯದು ವಾಲ್ವಿನ ತಲೆಯನ್ನು ಉಜ್ಜುತ್ತದೆ. ಹೊಸದರ ತುದಿಯಲ್ಲಿ ಪುಟ್ಟ ಚಕ್ರವಿದ್ದು, ಉಜ್ಜದೆ ಉರುಳುತ್ತದೆ. ಆದರೆ ರಾಕರುಗಳು ಕೂರುವ ಎಂಜಿನ್ನಿನ ತಲೆಭಾಗಕ್ಕೆ, ಜೀಪಿನ ಆ ಮುದಿ ಹೆಡ್ಡಿಗೆ, ಇಂಥ ನಾಜೂಕು ಗೊತ್ತಿರಲಿಲ್ಲ. ‘ಇದಕ್ಕೆ ಅದು ಕೂರುವುದಿಲ್ಲ’ ಎಂದು ಬೆಂಗಳೂರಿನ ದೊಡ್ಡ ಗ್ಯಾರೇಜೊಂದು ವಾಪಸ್ಸು ಕಳಿಸಿತ್ತು.

ಧನಲಕ್ಷ್ಮಿ ಕೂರಿಸಿದ್ದಳು. ಹೆಡ್ಡಿನ ಎಂಟು ಕಂಬಗಳನ್ನು ಮಿಲ್ಲಿಂಗ್ ಮೆಷಿನ್ನಿನಲ್ಲಿ ತರಿದು, ದಪ್ಪ ಬೋಲ್ಟಿಗೆ ಹೊಸ ತಿರುಪಿನ ಸುತ್ತು ಕೊರೆದು, ಚಕ್ರ ಸರಿಯಾಗಿ ವಾಲ್ವಿನ ನಡುನೆತ್ತಿಯ ಮೇಲೆ ಉರುಳುವಂತೆ ಒಂದೊಂದು ರಾಕರಿನ ಕೆಳಗೂ ಉಗುರಿನಷ್ಟು ತೆಳುವಾದ ಬಿಲ್ಲೆ ಇಟ್ಟಿದ್ದಳು. ಎಂಟು ಕಂಬ, ಎಂಟು ಅಳತೆ. ಒಂದರದು ಇನ್ನೊಂದಕ್ಕೆ ಆಗದು. ಬಿಲ್ಲೆಯಿಲ್ಲದೆ ಎಂಜಿನ್ ಓಡಿಸಿದರೆ ವಾಲ್ವಿಗೆ ವಾರೆ ಏಟು. ಅದು ಸಿಕ್ಕಿಕೊಂಡರೆ ಎಂಜಿನ್ನೇ ಹೋಯಿತು. ಹೊಸದು ಮಾಡಿಸಲು ತುಮಕೂರಿಗೆ ಹೋಗಿ ಬರಬೇಕು, ಸಂಜೆಯಾಗುತ್ತದೆ.

ಆಗ ಎಂಟೂವರೆ. ಹನ್ನೊಂದಕ್ಕೆ ಆ ಬೆಂಗಳೂರು ಗ್ಯಾರೇಜಿನ ಮಾಲೀಕನೇ ಎಂಜಿನ್ ಸದ್ದು ಕೇಳಲು ಬರುವವನಿದ್ದ. ‘ಹಳ್ಳಿ ಕಡೆ ಹೆಂಗಸು ಏನೋ ಮಾಡಿದ್ದಾಳಂತೆ’ ಎಂದು ಫೋನಿನಲ್ಲಿ ನಕ್ಕಿದ್ದನಂತೆ.

“ಅತ್ತೆ!” ಎಂದು ಧನಲಕ್ಷ್ಮಿ ಪಕ್ಕದ ಮನೆಗೆ ಕೂಗಿದಳು.

ಕೆಂಪಕ್ಕ ಅವಳ ಸೋದರತ್ತೆ. ಮೂವತ್ತೈದು ವರ್ಷ ಕೊಬ್ಬರಿ ಗೋದಾಮಿನಲ್ಲಿ ಕೂತು, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರೋ ಕೊಬ್ಬರಿಯೋ ಹೇಳುತ್ತಿದ್ದವರು. ಎಂಜಿನ್ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಎಂಜಿನ್ ಗೊತ್ತಿದ್ದವರ ಬಗ್ಗೆ ಚೆನ್ನಾಗಿ ಗೊತ್ತಿತ್ತು.

“ಯಾವಾಗ ಆಗಿರಬೌದು?” ಬಂದು, ಎಲ್ಲ ಕೇಳಿಸಿಕೊಂಡು, ಅವರು ವಿಚಾರಿಸಿದರು.

“ನಿನ್ನೆ ಮಧ್ಯಾಹ್ನವೇ. ನಾವಿಬ್ಬರೂ ಅಮ್ಮಸಂದ್ರಕ್ಕೆ ಬೀಗರ ಊಟಕ್ಕೆ ಹೋಗಿದ್ವಲ್ಲ, ಆಗ. ಬಂದ ಮೇಲೆ ನಾನು ಇಲ್ಲೇ ಇದ್ದೆ.”

“ಬೀಗ ಒಡೆದೈತಾ?”

“ಇಲ್ಲ. ಬೀಗದ ಕೈ ಹಂಚಿನ ಸಂದಿಯಲ್ಲಿರೋದು ಮೂವರಿಗೆ ಗೊತ್ತು. ಗಂಗಾಧರ್, ಸ್ಪೇರ್ ಪಾರ್ಟ್ಸ್ ಅಂಗಡಿ ರವಿಕಿರಣ್, ನಮ್ಮ ಬೆಟ್ಟಸ್ವಾಮಿ ಮೇಸ್ತ್ರಿ.”

“ಮುಚ್ಚಳದ ಬೋಲ್ಟು ಹೆಂಗಿದ್ವು?”

“ಸಮನಾಗಿ ಬಿಗಿದಿದ್ವು. ಒಂದು ಗೀರೂ ಇಲ್ಲ.”

ಕೆಂಪಕ್ಕ ಎಲೆಅಡಿಕೆಯನ್ನು ದವಡೆಯ ಆ ಕಡೆಗೆ ತಳ್ಳಿದರು. “ಹಾಳು ಮಾಡಾಕೆ ಬಂದೋನು ಇಷ್ಟು ಮರ್ಯಾದೆಯಾಗಿ ಮುಚ್ಚಿ ಹೋಯ್ತಾನಾ? ಕದಿಯಾಕೆ ಬಂದೋನು ಏಳು ಬುಟ್ಟು ಒಂದು ಕದೀತಾನಾ? ಕಳೆದಿರೋದು ಎಷ್ಟನೇದು ಅಂದೆ?”

“ಮೊದಲನೇದು.”

“ಹ್ಞೂಂ,” ಎಂದರು ಕೆಂಪಕ್ಕ. “ಮೂವರನ್ನೂ ಕರೆಸು.”

ಒಂಬತ್ತೂಕಾಲಿಗೆ ಮೂವರೂ ಶೆಡ್ಡಿನ ಮುಂದಿದ್ದರು.

“ನಿನ್ನೆ ಮಧ್ಯಾಹ್ನ ಎಲ್ಲಿದ್ದೆಯಪ್ಪಾ?” ಕೆಂಪಕ್ಕ ರವಿಕಿರಣನನ್ನು ಕೇಳಿದರು.

“ಅಂಗಡೀಲಿ. ಇಲ್ಲಿಗೊಂದು ಸಲ ಬಂದೆ, ಬೀಗ ಹಾಕಿತ್ತು, ಹೋದೆ. ಯಾಕೆ?”

“ಹೊಸ ಹೆಡ್ಡೇ ತಗೊಳ್ಳಿ ಅಂತ ಗಂಗಾಧರನ ತಲೆ ತಿಂತಿದ್ಯಂತೆ?”

“ಮಾರೋದು ನನ್ನ ಕಸುಬು ಕಣಕ್ಕ. ಕಸುಬು ಮಾಡಿದ್ರೆ ಕಳ್ಳನಾ?”

ಗಂಗಾಧರ್ ಕೆಂಪಗಾದ. “ನನ್ನ ಗಾಡಿ ಎಂಜಿನ್ನನ್ನ ನಾನೇ ಕೆಡಿಸ್ಕೋತೀನಾ? ಎರಡು ಗಂಟೆ ಹೊತ್ತಿಗೆ ಬುಲೆಟ್ಟಲ್ಲಿ ಬಂದೆ. ಬಾಗಿಲು ತಟ್ಟಿದೆ, ಯಾರೂ ಓ ಅನ್ಲಿಲ್ಲ.”

“ಒಳಗೆ ಯಾರಾದ್ರೂ ಇದ್ದಂಗಿತ್ತಾ?”

“ಷಟರು ಇಳಿದಿತ್ತು. ಬೀಗ ಇತ್ತೋ ಇಲ್ವೋ ನೋಡ್ಲಿಲ್ಲ.”

ಬೆಟ್ಟಸ್ವಾಮಿ ಮೇಸ್ತ್ರಿ ಕೈಕಟ್ಟಿ ನಿಂತಿದ್ದರು. ಧನಲಕ್ಷ್ಮಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು. ಈ ರಾಕರ್ ಈ ಹೆಡ್ಡಿಗೆ ಕೂತರೆ ತಾವು ಮೀಸೆ ಬೋಳಿಸುವುದಾಗಿ ಟೀ ಅಂಗಡಿಯಲ್ಲಿ ಸಾರಿದ್ದವರೂ ಅವರೇ.

“ನಾನು ಮನೇಲಿ ಮಲಗಿದ್ದೆ,” ಎಂದರು, ಯಾರೂ ಕೇಳುವ ಮೊದಲೇ.

“ಮಲಗ್ಬೇಕು ಬುಡಪ್ಪ, ವಯಸ್ಸಾಯ್ತು,” ಎಂದರು ಕೆಂಪಕ್ಕ. “ಪ್ರಶ್ನೆ ಸಾಕು. ಸುಮ್ನೆ ಬಂದಿದ್ದೀರಿ, ಒಂದು ಕೆಲಸ ಮಾಡಿ. ನಮ್ಮ ಜಗಲಿ ಮುಂದಿರೋ ಆ ತೆಂಗಿನಕಾಯಿ ರಾಶಿಯಿಂದ ಈ ಬುಟ್ಟಿಗೆ ಎಂಟು ಕಾಯಿ ಎಣಿಸಿ ಹಾಕಿ, ಒಬ್ಬೊಬ್ಬರೇ.”

“ಅತ್ತೆ, ಇದೇ ಹೊತ್ತಾ?” ಎಂದಳು ಧನಲಕ್ಷ್ಮಿ. ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು.

“ಇದೇ ಹೊತ್ತು.”

ರವಿಕಿರಣ್ “ಒನ್, ಟೂ, ತ್ರೀ” ಎನ್ನುತ್ತಾ ಬಿಲ್ ಹಾಕುವವನಂತೆ ಎಂಟು ಹಾಕಿದ. ಗಂಗಾಧರ್ ಎರಡೆರಡಾಗಿ ನಾಲ್ಕು ಸಲ ಎತ್ತಿ ಹಾಕಿದ. ಸಿಟ್ಟಿನ್ನೂ ಇಳಿದಿರಲಿಲ್ಲ.

ಬೆಟ್ಟಸ್ವಾಮಿ ಪಂಚೆ ಎತ್ತಿಕಟ್ಟಿ ಬಗ್ಗಿದರು. ಮೊದಲ ಕಾಯಿ ಹಿಡಿದರು. “ಲಾಭ,” ಎಂದು ಅದನ್ನು ಜಗಲಿಯ ಮೇಲೆ ಬೇರೆಯಾಗಿ ಇಟ್ಟರು. “ಎರಡು... ಮೂರು... ನಾಕು...” ಎಂಟರವರೆಗೆ ಬುಟ್ಟಿಗೆ ಹಾಕಿ ಸೊಂಟ ನೆಟ್ಟಗೆ ಮಾಡಿಕೊಂಡರು. “ಆಯ್ತು ಕಣಕ್ಕ, ಎಂಟು.”

“ಬುಟ್ಟೀಲಿ ಎಷ್ಟೈತೆ ನೋಡಪ್ಪ.”

ಮೇಸ್ತ್ರಿ ಬುಟ್ಟಿ ನೋಡಿದರು. ಏಳು. ಜಗಲಿ ನೋಡಿದರು. ಒಂದು. ಆಮೇಲೆ ಯಾರ ಮುಖವನ್ನೂ ನೋಡಲಿಲ್ಲ.

“ನೀವೆಲ್ಲ ಯಾರು ತಗೊಂಡ್ರು ಅಂತ ಹುಡುಕ್ತಿದ್ರಿ,” ಎಂದರು ಕೆಂಪಕ್ಕ. “ಕಳೆದಿರೋದು ಮೊದಲನೇದು ಅನ್ನೋದನ್ನ ಯಾರೂ ಯೋಚನೆ ಮಾಡ್ಲಿಲ್ಲ. ಕಣದಾಗೆ ರಾಗಿ ಅಳೆಯೋರು ಒಂದು ಅಂತಾರೇನ್ರೀ? ಲಾಭ ಅಂತಾರೆ. ಆ ಮೊದಲ ಕೊಳಗ ದೇವರಿಗೆ. ಈ ನಮ್ಮ ಬೆಟ್ಟಸ್ವಾಮಿ ಸ್ಪ್ಯಾನರ್ ಹಿಡಿಯೋಕೆ ಮುಂಚೆ ಹಾಲ್ಕುರಿಕೆ ತೋಟಗಳಲ್ಲಿ ಕಾಯಿ ಎಣಿಸ್ತಿದ್ದ. ಬುದ್ಧಿ ಮೇಸ್ತ್ರಿಯದಾದ್ರೂ ಕೈ ಇನ್ನೂ ಕಾಯಿ ಎಣಿಸೋನದೇ. ಧನಾ, ಇವತ್ತು ಪೂಜೆ ಮಾಡಿದ್ಯಾ?”

“ಎಲ್ಲಿ ಮಾಡ್ಲಿ ಅತ್ತೆ, ಬಂದಿದ್ದೇ ಎಂಜಿನ್ ಹತ್ರ —”

ಮಾತು ಅರ್ಧಕ್ಕೆ ನಿಂತಿತು. ಧನಲಕ್ಷ್ಮಿ ಒಳಗೆ ಓಡಿದಳು. ಗೋಡೆಯ ಗೂಡಿನಲ್ಲಿ, ದೇವರ ಪಟದ ಮುಂದೆ, ನಿನ್ನೆಯ ದಾಸವಾಳದ ಅಡಿಯಲ್ಲಿ ಬಿಲ್ಲೆ ಮಿನುಗುತ್ತಿತ್ತು. ಒರೆಸಿ, ಶುದ್ಧವಾಗಿ ಇಟ್ಟಿತ್ತು.

“ನೋಡ್ಬೇಕು ಅನ್ನಿಸ್ತು ಕಣಮ್ಮ,” ಎಂದರು ಮೇಸ್ತ್ರಿ, ನೆಲಕ್ಕೆ ಹೇಳುವವರಂತೆ. “ಹೆಂಗೆ ಕೂರಿಸಿದ್ದಾಳೆ ಅಂತ. ಬಿಚ್ಚಿ ಬಟ್ಟೆ ಮೇಲೆ ಜೋಡಿಸ್ದೆ, ಮೊದಲನೇ ಬಿಲ್ಲೆ ಲಾಭ ಅಂತ ಕೈ ತಾನಾಗೇ ದೇವರ ಮುಂದೆ ಇಟ್ಟೈತೆ. ಎಂಟನೇದ್ರಿಂದ ಹಿಂದಕ್ಕೆ ಕೂರಿಸ್ತಾ ಬಂದೆ. ಅಷ್ಟರಾಗೆ ಬುಲೆಟ್ ಸದ್ದು, ಬಾಗಿಲು ಬಡಿದ್ರು. ಅವಸರ ಆಯ್ತು. ಬಟ್ಟೆ ಮೇಲೆ ಏನೂ ಮಿಕ್ಕಿರ್ಲಿಲ್ಲ, ಎಲ್ಲಾ ಹಾಕಾಯ್ತು ಅಂತ ಮುಚ್ಚಿಬಿಟ್ಟೆ. ಕನ್ನಡಕಾನೂ ತಂದಿರ್ಲಿಲ್ಲ.”

“ನನ್ನ ಕೇಳಿದ್ರೆ ನಾನು ಹೇಳ್ತಿರ್ಲಿಲ್ವಾ ಮೇಸ್ತ್ರಿ?”

“ನೀನು ಹೇಳ್ತಿದ್ದೆ ಕಣಮ್ಮ. ಅದಕ್ಕೇ ಕೇಳ್ಲಿಲ್ಲ.”

ಗಂಗಾಧರ್ ಏನೋ ಬಯ್ಯಲು ಬಾಯಿ ತೆರೆದ. ಧನಲಕ್ಷ್ಮಿ ಕೈಯೆತ್ತಿ ತಡೆದಳು. ಹತ್ತು ಗಂಟೆಯಾಗುತ್ತಿತ್ತು, ಬೈಗುಳಕ್ಕೂ ಕ್ಷಮೆಗೂ ಸಮಯವಿರಲಿಲ್ಲ.

“ಬೈದಿದ್ದು ಸಾಕು ಅನ್ನಿಸೋ ಹಂಗೆ ಆಮೇಲೆ ಬೈತೀನಿ,” ಎಂದಳು. “ಈಗ ಆ ಟಾರ್ಚ್ ತಗೊಂಡು ಬನ್ನಿ. ಇಲ್ಲಿ ಹಿಡೀರಿ. ಅಲ್ಲಾಡಿಸ್ಬೇಡಿ. ನಿಮಗೆ ನೋಡಬೇಕಿತ್ತಲ್ಲ, ನೋಡಿ.”

ಬಿಲ್ಲೆ ಕೂತಿತು. ರಾಕರ್ ಕೂತಿತು. ನೀಲಿ ಮಸಿ ಹಚ್ಚಿ ತಿರುಗಿಸಿದಳು. ಗೆರೆ ನಡುವಿಗೆ ಬಂತು. ಮೇಸ್ತ್ರಿಯ ಬಾಯಿಂದ ತಾನಾಗಿ ಒಂದು “ಆಹಾ” ಹೊರಟಿತು.

ಹನ್ನೊಂದು ದಾಟಿ ಹತ್ತು ನಿಮಿಷಕ್ಕೆ ಬೆಂಗಳೂರಿನ ಕಾರು ಬಂದು ನಿಂತಿತು. ಮಾಲೀಕ ಕರಿ ಕನ್ನಡಕ ತೆಗೆಯದೆ ಒಳಬಂದ. ಧನಲಕ್ಷ್ಮಿ ಸ್ಟಾರ್ಟ್ ಮಾಡಿದಳು.

ಎಂಜಿನ್ ಒಂದು ಸಲ ಕೆಮ್ಮಿ, ಆಮೇಲೆ ನಿಂತ ನೀರಿನಷ್ಟು ಸಮವಾಗಿ ಹಾಡತೊಡಗಿತು. ಹಳೆಯ ಜೀಪಿನ ಕಟಕಟ ಎಲ್ಲೂ ಇರಲಿಲ್ಲ. ಕೆಂಪಕ್ಕ ಕಿವಿಯನ್ನು ಸ್ವಲ್ಪ ವಾಲಿಸಿ, “ಇದು ಬಲಿತೈತೆ,” ಎಂದರು. ಅವರ ತೀರ್ಪಿನ ಮೇಲೆ ಎಂದೂ ಮೇಲ್ಮನವಿ ಇರಲಿಲ್ಲ.

ಮಾಲೀಕ ಕನ್ನಡಕ ತೆಗೆದ. ಹೆಡ್ಡಿನ ಮೇಲೆ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ನೆಟ್ಟಗಾಗಿ, ಇದು ಹೆಂಗಸಿನ ಕೈಕೆಲಸವೆಂದು ನಂಬದೆ, ನರೆತ ಮೀಸೆಯ ಬೆಟ್ಟಸ್ವಾಮಿಯ ಕೈ ಹಿಡಿದು ಕುಲುಕಿದ.

“ನಮ್ಮಲ್ಲಿ ಆಗಲ್ಲ ಅಂದಿದ್ವಿ, ಮೇಸ್ತ್ರಿ. ಹೇಗೆ ಕೂರಿಸಿದ್ರಿ?”

ಬೆಟ್ಟಸ್ವಾಮಿ ಮೆಲ್ಲಗೆ ಕೈ ಬಿಡಿಸಿಕೊಂಡರು.

“ನಾನು ಟಾರ್ಚ್ ಹಿಡಿಯೋನು ಸಾರ್,” ಎಂದರು, ಬೀದಿಗೆಲ್ಲ ಕೇಳುವಂತೆ. “ಸ್ಪ್ಯಾನರ್ ಹಿಡಿದಿರೋರನ್ನ ಕೇಳಿ.”

ಮಾಲೀಕ ತಿರುಗಿದ. ಧನಲಕ್ಷ್ಮಿ ಹತ್ತಿಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಿದ್ದಳು. ಕಾಲಲ್ಲಿ ಸ್ಟೂಲನ್ನು ಅವನ ಕಡೆಗೆ ಸರಿಸಿದಳು.

“ಕೂತ್ಕೊಳ್ಳಿ,” ಎಂದಳು. “ಹೇಳೋಕೆ ಸ್ವಲ್ಪ ಹೊತ್ತಾಗುತ್ತೆ.”