ಹನ್ನೊಂದು ರೈಫಲ್‌ಗಳ ತುಕ್ಕು

ಜುಲೈ 14, ಬೆಳಿಗ್ಗೆ 10.20. ರೈಫಲ್ ಕ್ಲಬ್ಬಿನ ಕಾರ್ಯದರ್ಶಿ ಠಾಣೆಗೆ ಬಂದು ದೂರು ಕೊಟ್ಟರು. ಮುಂದಿನ ವಾರದ ಸ್ಪರ್ಧೆಗಿದ್ದ ಹನ್ನೊಂದು ರೈಫಲ್‌ಗಳಿಗೂ ತುಕ್ಕು ಹಿಡಿದಿತ್ತು. ಕಪಾಟಿನ ಬೀಗ ಒಡೆದಿರಲಿಲ್ಲ. ಅದರ ಕೀಲಿಕೈ ಇದ್ದದ್ದು ಉಗ್ರಾಣ ನೋಡಿಕೊಳ್ಳುವವನ ಸೊಂಟದಲ್ಲಿ ಮಾತ್ರ. ಎಫ್‌ಐಆರ್ ದಾಖಲಾಯಿತು.

"ಇಪ್ಪತ್ತೆರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದವನು ಸಾರ್," ಎಂದ ಮುಖ್ಯಪೇದೆ.

"ಬೇಲಿ ಎದ್ದು ಹೊಲ ಮೇಯೋದು ಹೊಸದೇನಲ್ಲ," ಎಂದರು ಇನ್ಸ್‌ಪೆಕ್ಟರ್.

11.45ಕ್ಕೆ ಪಂಚನಾಮೆ. ನಳಿಗೆಗಳ ಮೇಲೆ ಎಣ್ಣೆ ತೆಳುವಾಗಿತ್ತು. ಅದರಡಿಯಲ್ಲಿ ಕೆಂಗಂದು ಚುಕ್ಕೆಗಳು. ಉಗ್ರಾಣದವನ ಕೈ ತಾನಾಗಿಯೇ ಬಟ್ಟೆಯತ್ತ ಹೋಯಿತು.

"ಒರೆಸಬೇಡ್ರೀ, ಸಾಕ್ಷ್ಯ!"

"ನೋಡಕ್ಕಾಗ್ತಿಲ್ಲ ಸಾರ್."

ಕಪಾಟಿನ ತಳದಲ್ಲಿ ಅಂಗೈಯಗಲದ ಬಟ್ಟೆಚೀಲಗಳಿದ್ದವು.

"ಇವೇನು?"

"ತೇವ ಹೀರೋ ಹರಳು. ಒಣಗಿದ್ರೆ ನೀಲಿ. ತಿಂಗಳಿಗೊಮ್ಮೆ ಮನೆಯವಳು ಬಾಣಲೆಯಲ್ಲಿ ಬಿಸಿ ಮಾಡಿ, ತುಂಬಿ ಹೊಲಿದು ಕೊಡ್ತಾಳೆ."

"ನೀವು ಬಿಚ್ಚಿ ನೋಡಲ್ವಾ?"

"ಅವಳು ಹೊಲಿದದ್ದನ್ನ ನಾನ್ಯಾಕೆ ಬಿಚ್ಚಲಿ?"

ಪಂಚರ ಎದುರು ಇನ್ಸ್‌ಪೆಕ್ಟರ್ ಬ್ಲೇಡಿನಿಂದ ಒಂದು ಚೀಲ ಕೊಯ್ದರು. ನೀಲಿ ಇರಲಿಲ್ಲ, ಬಿಳಿ ಹರಳುಗಳು ನೀರೊಡೆದಿದ್ದವು. ಮುಖ್ಯಪೇದೆ ಒಂದನ್ನು ನಾಲಿಗೆಗಿಟ್ಟ.

"ಉಪ್ಪು ಸಾರ್!"

"ಸಾಕ್ಷ್ಯ ತಿನ್ಬೇಡಯ್ಯಾ."

2.30ಕ್ಕೆ ಇನ್ಸ್‌ಪೆಕ್ಟರ್ ಉಗ್ರಾಣದವನನ್ನೂ ಮಹಿಳಾ ಪೇದೆಯನ್ನೂ ಕರೆದುಕೊಂಡು ಅವನ ಮನೆಗೆ ಹೋದರು. ಎರಡೇ ಕೋಣೆ. ಹೆಂಡತಿ ಬಾಗಿಲಿಗೆ ಬಂದಳು.

"ಚೀಲ ಹೊಲಿದದ್ದು ನೀವೇನಮ್ಮಾ?"

"ಹೌದು."

"ಉಪ್ಪು ತುಂಬಿದ್ದು?"

ಅವಳು ಗಂಡನ ಕಡೆ ನೋಡಿದಳು. ಇನ್ಸ್‌ಪೆಕ್ಟರ್ ಮೆಲ್ಲಗೆ ಹೇಳಿದರು: "ಕೀಲಿಕೈ ಇದ್ದದ್ದು ಇವರ ಹತ್ರ. ಇವರನ್ನೇ ಒಳಗೆ ಹಾಕಬೇಕಾಗುತ್ತೆ."

ಅವಳು ಅಟ್ಟಣಿಗೆಯಿಂದ ಡಬ್ಬಿಯೊಂದನ್ನು ಇಳಿಸಿ ಮುಚ್ಚಳ ತೆಗೆದಳು. ನೀಲಿ ಹರಳುಗಳು.

"ಎಸೆಯಕ್ಕೆ ಮನಸ್ಸಾಗಲಿಲ್ಲ. ಕೆಲಸದಿಂದ ತೆಗೀತಾರೆ, ಮನೇಲಿರ್ತಾರೆ ಅಂದ್ಕೊಂಡೆ. ಜೈಲು ಅಂದ್ಕೊಂಡಿರಲಿಲ್ಲ. ತುಂಬಿದ್ದು ನಾನೇ."

"ಯಾಕೆ?"

"ಹೋದ ತಿಂಗಳು ನಂಗೆ ಮೂರು ದಿನ ಜ್ವರ. ಹಣೆ ಮುಟ್ಟಿ ನೋಡ್ತಾರೇನೋ ಅಂತ ಕಣ್ಣು ಮುಚ್ಕೊಂಡು ಬಿದ್ದಿದ್ದೆ. ಮಳೆ ಶುರುವಾಯ್ತು. 'ಅವುಕ್ಕೆ ಥಂಡಿ ಹಿಡಿಯುತ್ತೆ' ಅಂತ ಎದ್ದು ಓಡಿದ್ರು. ಸವತಿ ಒಬ್ಬಳಾದ್ರೆ ಜುಟ್ಟು ಹಿಡಿದು ಜಗಳ ಆಡಬಹುದು ಸಾರ್. ಇವರು ಹನ್ನೊಂದು ಜನ, ಒಬ್ಬಳಿಗೂ ಬಾಯಿಲ್ಲ."

ಗಂಡ ಗೋಡೆಗೊರಗಿ ನಿಂತಿದ್ದ. "ಯಾವತ್ತಿಂದ ಉಪ್ಪು?" ಎಂದ. "ತಿಂಗಳೊಳಗಾದ್ರೆ ಉಜ್ಜಿ ತೆಗೀಬಹುದು."

ಅವಳು ಮಹಿಳಾ ಪೇದೆಯ ಕಡೆ ತಿರುಗಿ ನಕ್ಕಳು. "ನೋಡಿದ್ರಾ? ಇನ್ನೂ ಅವರದೇ ಯೋಗಕ್ಷೇಮ."

ಡಬ್ಬಿಯನ್ನು ಜಪ್ತಿ ಮಾಡಲಾಯಿತು. 4.10ಕ್ಕೆ ಬಂಧನ.

"ಉದ್ದೇಶ ಏನಂತ ಬರೀಲಿ ಸಾರ್?" ಮುಖ್ಯಪೇದೆ ಪೆನ್ನು ಹಿಡಿದು ಕೇಳಿದ. ಸವತಿ ಮತ್ಸರ ಎಂಬ ಮಾತು ಇನ್ಸ್‌ಪೆಕ್ಟರರ ತುಟಿಯವರೆಗೆ ಬಂತು. ಕಬ್ಬಿಣವನ್ನು ಸವತಿ ಎಂದರೆ ನ್ಯಾಯಾಲಯ ನಗುತ್ತದೆ. "ಕೌಟುಂಬಿಕ ಮನಸ್ತಾಪ" ಎಂದು ಬರೆಸಿದರು. ಮನಸ್ತಾಪಕ್ಕಾದರೂ ಇಬ್ಬರು ಬೇಕು, ಇಲ್ಲಿ ತಾಪವೆಲ್ಲ ಒಬ್ಬಳದೇ ಆಗಿತ್ತು ಎಂದು ಬರೆಸಿದ ಮೇಲೆ ಅವರಿಗೆ ಹೊಳೆಯಿತು.

ಜೀಪು ಚಾಲೂ ಆದಾಗ ಗಂಡ ಹಿಂದಿನಿಂದ ಓಡಿಬಂದು ಸರಳು ಹಿಡಿದುಕೊಂಡ.

"ಒಂದು ನಿಮಿಷ ತಡಿ," ಎಂದು ಇನ್ಸ್‌ಪೆಕ್ಟರ್ ಚಾಲಕನ ಭುಜ ಮುಟ್ಟಿದರು.

"ನಿಂಗೆ ಜ್ವರ ಬಂದಿತ್ತೇನೇ?" ಎಂದು ಅವನು ಕೇಳಿದ.