ಮಂಡಿಯೂರಿ ನೋಡಿದ ಗೋಡೆ

ಬಾಗಿಲು ತೆರೆದವಳೇ ಒಂದನೇ ಕ್ಲಾಸಿನ ಟೀಚರ್ ಮೂಗು ಮುಚ್ಚಿಕೊಂಡಳು. ಹೊಸ ಪೇಂಟಿನ ವಾಸನೆಗಲ್ಲ. ಕಿಟಕಿ ತೆರೆದಿಟ್ಟರೆ ಅದು ಹೋದೀತು. ಕಣ್ಣಿಗೆ ಬಿದ್ದದ್ದು ಹಾಗೆ ಹೋಗುವಂಥದ್ದಲ್ಲ.

ಗೋಡೆಯ ಮೇಲ್ಭಾಗದಲ್ಲಿ ಹಲ್ಲು ಕಿರಿಯುವ ಸೂರ್ಯ, ತುಟಿಗೆ ಕೆಂಪು ಬಳಿದುಕೊಂಡ ಮೀನು, ಕಣ್ಣು ಹೊಡೆಯುವ ಆನೆ. ಅವುಗಳ ಕೆಳಗೆ ನೆಲದವರೆಗೂ ಜಿಡ್ಡಿನಂತೆ ಮಿರುಗುವ ಕಂದು ಆಯಿಲ್ ಪೇಂಟ್.

ಅದಕ್ಕಿಂತ ಹೇಸಿಗೆಯಾದದ್ದು ತನ್ನ ಮನಸ್ಸಿನ ಮೇಲೆ. ರಜೆಗೆ ಮುಂಚೆ ಅಳತೆ ತೆಗೆಯಲು ಬಂದಿದ್ದ ಪೇಂಟರ್, "ನಿಮ್ಮ ಮಕ್ಕಳಿಗೆ ಏನಿಷ್ಟ ಟೀಚರ್?" ಎಂದು ಕೇಳಿದ್ದ. ಅವಳನ್ನು ಆ ಮಾತು ಅದುವರೆಗೆ ಯಾರೂ ಕೇಳಿರಲಿಲ್ಲ. ರಜೆಯುದ್ದಕ್ಕೂ ಅದನ್ನೇ ಮೆಲುಕು ಹಾಕಿದ್ದಳು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ದೇವರಿಗಿಂತ ಮೊದಲು ಅವನೇ ಬಂದು ನಿಲ್ಲುತ್ತಿದ್ದ. ಇಂಥದ್ದನ್ನು ಬಳಿಯುವವನನ್ನೇ ತಾನು ನೆನೆದದ್ದು!

"ಹೇಗಿದೆ ಟೀಚರ್?" ಅವನು ಏಣಿ ಹೊತ್ತು ಒಳಗೆ ಬಂದ.

"ಥೂ!"

"ಅಂದ್ರೆ?"

"ಥೂ ಅಂದ್ರೆ ಥೂ. ಅದಕ್ಕೂ ಬಿಡಿಸಿ ಹೇಳ್ಬೇಕೇನ್ರೀ?"

ಕಸ ಗುಡಿಸುತ್ತಿದ್ದ ಆಯಾ ಪೊರಕೆ ನಿಲ್ಲಿಸಿದಳು. "ಯಾಕಮ್ಮಾ, ಆನೆ ನಿಮ್ಮನ್ನ ನೋಡಿ ಕಣ್ಣು ಹೊಡೀತಾ? ಬಳಿದೋರೇ ಕಲಿಸಿರ್ಬೇಕು ಬಿಡಿ."

ಪೇಂಟರನ ಕಿವಿ ಕೆಂಪಾಯಿತು. ಟೀಚರ್ ನಗಲಿಲ್ಲ.

"ಕೆಳಗೆ ಯಾಕೆ ಈ ಕಂದು?"

"ಮಕ್ಕಳು ಕೈ ಒರೆಸ್ತಾರೆ, ಮೂಗು ಒರೆಸ್ತಾರೆ. ಗಲೀಜು ಕಾಣಬಾರ್ದು ಅಂತ..."

"ಮಂಡಿಯೂರಿ."

"ನಾನಾ?"

"ಇನ್ಯಾರು, ಆನೇನಾ? ಒಂದನೇ ಕ್ಲಾಸಿನವರ ಎತ್ತರಕ್ಕೆ ಇಳೀರಿ."

ಉದ್ದನೆಯ ಆಳು ಏಣಿಯಂತೆ ಮಡಚಿಕೊಂಡು ಮಂಡಿಯೂರಿದ. ಮುಂದೆ ನೋಡಿದರೆ ಕಂದು, ಪಕ್ಕಕ್ಕೆ ತಿರುಗಿದರೂ ಕಂದು. ಕತ್ತೆತ್ತಿದರೆ ಸೂರ್ಯನ ಗದ್ದ, ಮೀನಿನ ಹೊಟ್ಟೆ. ಓರೆಗಣ್ಣಿಗೆ ಮೇಜಿನ ಅಡಿಭಾಗ ಕಂಡಿತು: ಯಾರೋ ಅಗಿದು ಅಂಟಿಸಿದ ಗಮ್ಮು, ಒಣಗಿದ ಸಿಂಬಳ. ಅವನ ಮುಖ ಕಿವುಚಿಹೋಯಿತು.

ದೇವರು ಮಕ್ಕಳನ್ನು ಕುಳ್ಳಗೆ ಮಾಡಿ ಕಳಿಸುವುದು, ದೊಡ್ಡವರು ಒಮ್ಮೆಯಾದರೂ ಬಾಗಲಿ ಎಂದೇ ಇರಬೇಕು.

"ಗಲೀಜು ಕಾಣಬಾರ್ದು ಅಂತ ಗಲೀಜಿನ ಬಣ್ಣಾನೇ ಬಳಿದಿದ್ದೀರಿ. ನಾಳೆ ಮಕ್ಕಳು ಬರ್ತವೆ. ದಿನವೆಲ್ಲ ಇದನ್ನೇ ನೋಡ್ಬೇಕಾ? ಅವತ್ತು ಅಷ್ಟು ಹೊತ್ತು ಹೇಳಿದ್ನಲ್ಲ, ಅದೆಲ್ಲ ಎಲ್ಲಿ ಹೋಯ್ತು?"

ಅವನು ಎದ್ದೇಳಲಿಲ್ಲ. ನೆಲ ನೋಡುತ್ತಲೇ ಹೇಳಿದ: "ಒಂದು ಮಾತೂ ನೆನಪಿಲ್ಲ ಟೀಚರ್. ನೀವು ಹೇಳ್ತಾ ಇದ್ರಿ, ನಾನು ನಿಮ್ಮ ಮುಖ ನೋಡ್ತಾ ನಿಂತಿದ್ದೆ. ಮತ್ತೆ ಕೇಳೋಕೆ ನಾಚಿಕೆಯಾಯ್ತು."

ಆಯಾ ಇದ್ದಕ್ಕಿದ್ದಂತೆ ವರಾಂಡ ಗುಡಿಸಲು ಹೊರಟಳು.

"ಅಸಹ್ಯ," ಎಂದಳು ಟೀಚರ್. ದನಿಯಲ್ಲಿ ಮೊದಲಿನ ಖಾರವಿರಲಿಲ್ಲ.

"ಇನ್ನೊಂದ್ಸಲ ಹೇಳಿ. ಈ ಸಲ ಕಣ್ಣು ಮುಚ್ಕೊಂಡು ಕೇಳ್ತೀನಿ."

ನಿಜವಾಗಿಯೂ ಮುಚ್ಚಿಕೊಂಡ. ರೆಪ್ಪೆಯ ಮೇಲೊಂದು ಕಂದು ಹನಿ ಒಣಗಿತ್ತು. ಅವಳು ಹೇಳತೊಡಗಿದಳು: ಮಕ್ಕಳಿಗೆ ನಮ್ಮ ಚಿತ್ರ ಬೇಡ, ತಮ್ಮ ಕೈಗೆಟಕುವ ಗೋಡೆ ಬೇಕು, ಗೀಚಬೇಕು, ಒರೆಸಬೇಕು, ಮತ್ತೆ ಗೀಚಬೇಕು. ಒಂದು ಮೂಲೆಯಲ್ಲಿ ಚಾಪೆ, ಬೇಜಾರಾದವರು ಸುಮ್ಮನೆ ಕೂರಲು. ಹೇಳುತ್ತಾ ಹೇಳುತ್ತಾ ಅವಳಿಗೇ ಮಾತಿನ ಎಳೆ ತಪ್ಪಿತು. ಈ ಸಲ ಮುಖ ನೋಡುವ ಸರದಿ ಅವಳದಾಗಿತ್ತು.

"ಆಮೇಲೆ?" ಎಂದ, ಕಣ್ಣು ಬಿಡದೆ.

"ಆಮೇಲೆ... ಮೇಜಿನ ಕೆಳಗಿನ ಆ ಗಮ್ಮೂ ಕೆರೀಬೇಕು. ನಾನು ಮುಟ್ಟಲ್ಲಪ್ಪ."

ಅವನೇ ಕೆರೆದ, ಒಂದೊಂದಕ್ಕೂ ಮುಖ ಕಿವುಚುತ್ತಾ. ಸೂರ್ಯ, ಮೀನು, ಆನೆಗಳ ಮೇಲೆಲ್ಲ ಬಿಳಿ ಬಳಿದ. ಕಂದು ಬಣ್ಣವನ್ನು ಇಬ್ಬರೂ ಸ್ಯಾಂಡ್ ಪೇಪರಿನಿಂದ ಉಜ್ಜಿದರು. ಅದರ ಮೇಲೆ ಕಪ್ಪುಹಲಗೆಯ ಬಣ್ಣ ಏರಿತು.

ಮರುದಿನ ಅವಳು ಮಕ್ಕಳಿಗಿಂತ ಮುಂಚೆ ಬಂದಳು. ಗೋಡೆ ಒಣಗಿತ್ತು. ನಿಂತವರಿಗೆ ಕಾಣದಂತೆ, ಹೊಸದಾಗಿ ಚಾಪೆ ಹಾಸಿದ್ದ ಮೂಲೆಯಲ್ಲಿ, ಗೋಡೆಯ ಬುಡಕ್ಕೆ ಏನೋ ಬೆಳ್ಳಗಿತ್ತು. ಮಂಡಿಯೂರಿದಳು. ಸೀಮೆಸುಣ್ಣದಲ್ಲಿ ಬರೆದ ಪುಟ್ಟ ಆನೆ. ಅದು ಕಣ್ಣು ಹೊಡೆಯುತ್ತಿರಲಿಲ್ಲ. ಎರಡೂ ಕಣ್ಣು ಮುಚ್ಚಿ, ಕಿವಿ ಅಗಲಿಸಿ, ಕೇಳುತ್ತಾ ಕೂತಿತ್ತು.

"ಏನಮ್ಮಾ ಅದು?" ಬಾಗಿಲಿಂದ ಆಯಾ ಕೇಳಿದಳು. "ಒರೆಸ್ಲಾ?"

"ಥೂ, ಬೇಡ," ಎಂದಳು ಟೀಚರ್, ಅದಕ್ಕೆ ಬೆನ್ನು ಅಡ್ಡವಿಟ್ಟು.