ಎರಡು ಮೆಟ್ಟಿಲು ಹೆಚ್ಚು

ಆ ಬೀದಿಯ ಎಲ್ಲ ಶೌಚಾಲಯಗಳಿಗೂ ಐದೇ ಮೆಟ್ಟಿಲು. ಟೈಲರ್ ಹುಡುಗಿಯ ಮನೆಯದಕ್ಕೆ ಮಾತ್ರ ಏಳು.

"ಏಳು ಅಂತ ಕಟ್ಟಿಟ್ಟಿದ್ದಾನೆ, ನನ್ನ ಕೈಲಿ ಏಳೋಕೇ ಆಗ್ತಿಲ್ಲ," ಅಂದಳು ಅಜ್ಜಿ, ಮಂಡಿ ಹಿಡಿದುಕೊಂಡು ಇಳಿಯುತ್ತ. "ಆ ಲೆವೆಲ್ಲಪ್ಪನ್ನ ಕರ್ಕೊಂಡ್ ಬಾರೇ."

ಲೆವೆಲ್ಲಪ್ಪ ಅಂದರೆ ಯೋಜನೆಯ ಸರ್ವೇಯರ್. ಮುಕ್ಕಾಲಿ ಸ್ಟ್ಯಾಂಡಿನ ಮೇಲೆ ದುರ್ಬೀನು ಇಟ್ಟು, ಒಂದು ಕಣ್ಣು ಮುಚ್ಚಿ ನೆಲದ ಲೆವೆಲ್ ನೋಡುತ್ತಿದ್ದವನಿಗೆ ಅಜ್ಜಿಯೇ ಇಟ್ಟ ಹೆಸರು.

ಈಚೆಗೆ ಮಳೆಗೆ ಹೊತ್ತು ಗೊತ್ತು ಇರಲಿಲ್ಲ. ಹೊಳೆ ಉಕ್ಕಿ ಬೀದಿಗೆ ನುಗ್ಗಿ, ಕಕ್ಕಸು ಗುಂಡಿಗಳನ್ನು ಕಲಕಿ, ಬಾವಿಗೆ ಬೆರೆಸಿ ಹೋಗುತ್ತಿತ್ತು. ನೆರೆ ಬಂದಾಗ ನೆರೆಹೊರೆಯೂ ಬರಲಿಲ್ಲ. ಬಂದದ್ದು ಹೊರದೇಶದ ನೆರವು. ನೀರು ಏರಿದರೂ ಮುಳುಗದ ಕೊಳವೆಬಾವಿ, ಎತ್ತರದ ಕಟ್ಟೆಯ ಮೇಲೆ ಶೌಚಾಲಯ, ಪಕ್ಕದಲ್ಲಿ ಕೈ ತೊಳೆಯಲು ನಲ್ಲಿ. ಹವಾ ಹೇಗೇ ಕೆಟ್ಟರೂ ಮಾನ ಉಳಿಯಬೇಕು, ಅದೇ ಹವಾಮಾನ ಯೋಜನೆ ಎಂದು ಬೀದಿಯವರು ಅರ್ಥ ಮಾಡಿಕೊಂಡರು. ತಪ್ಪೇನೂ ಇರಲಿಲ್ಲ.

ಟೈಲರ್ ಹುಡುಗಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಯೋಜನೆಯ ಆಫೀಸಿಗೆ ಹೋದಳು. ಬಾಗಿಲಲ್ಲೇ 'ಕೈ ತೊಳೆಯಿರಿ' ಪೋಸ್ಟರ್. ಅದರ ಕೆಳಗಿನ ನಲ್ಲಿಯಲ್ಲಿ ನೀರಿಲ್ಲ.

ಸರ್ವೇಯರ್ ಅವಳನ್ನು ಕಂಡು ಎದ್ದ, ಕೂತ, ಮತ್ತೆ ಎದ್ದ.

"ನಾನು ಒಂದಿಂಚು ತಪ್ಪಿದ್ರೆ ಅಂಗಿ ನನ್ನ ಮುಖಕ್ಕೇ ವಾಪಸ್ ಬರುತ್ತೆ ಸಾರ್. ನೀವು ಒಂದಡಿ ತಪ್ಪಿದೀರ. ನಾನು ಏನನ್ನ ವಾಪಸ್ ಮಾಡ್ಲಿ?"

"ತಪ್ಪಿರಲ್ಲ. ಬಂದು ನೋಡ್ತೀನಿ."

"ಯಾವಾಗ?"

ಅವನ ಕಣ್ಣು ಅವಳ ಕೊರಳಲ್ಲಿದ್ದ ಅಳತೆ ಟೇಪಿನ ಮೇಲೆ ನಿಂತು, ಅಲ್ಲಿಂದ ಮೇಲೇರಿ, ಗಾಬರಿಯಾಗಿ ಕೆಳಗಿಳಿಯಿತು. "ಈಗ್ಲೇ."

ಹಿಂದಿನ ಸಲದ ಹಾಗೆಯೇ ಅವಳು ಅಂಗಳದಲ್ಲಿ ಅಳತೆಕೋಲು ಹಿಡಿದು ನಿಂತಳು. ಬೀದಿಯ ತುದಿಯಲ್ಲಿ ಅವನು ದುರ್ಬೀನಿಗೆ ಕಣ್ಣಿಟ್ಟ. ಇಟ್ಟವನು ತೆಗೆಯಲೇ ಇಲ್ಲ.

"ಕೋಲು ಕಾಣ್ತಿಲ್ವಾ ಸಾರ್?"

"ಕಾಣ್ತಿದೆ."

"ಮತ್ತಿನ್ನೇನು, ಕಾದಂಬರಿ ಓದ್ತಿದೀರಾ?"

ಅವನ ಕಿವಿ ಕೆಂಪಾಯಿತು. "ಕೋಲು ಅಜ್ಜಿಗೆ ಕೊಟ್ಟು ಇಲ್ಲಿ ಬನ್ನಿ. ನೀವೇ ನೋಡಿ."

ನೋಡಿದಳು. ಮನೆ ಆಕಾಶದಿಂದ ಜೋತುಬಿದ್ದಿತ್ತು. ಅಜ್ಜಿ ಬಾವಲಿಯ ಹಾಗೆ ನೇತಾಡುತ್ತ ಎಲೆಯಡಿಕೆಯಿಲ್ಲದೆಯೇ ಏನನ್ನೋ ಜಗಿಯುತ್ತಿದ್ದಳು.

"ಅಯ್ಯೋ, ಎಲ್ಲಾ ತಲೆಕೆಳಗು!"

"ಹಳೇ ದುರ್ಬೀನು, ಹಾಗೇ ತೋರಿಸೋದು. ಅದರ ಜೊತೆ ಇದ್ದ ಹಳೇ ಕೋಲಲ್ಲಿ ಅಂಕಿಗಳನ್ನೂ ಉಲ್ಟಾ ಬರೆದಿದ್ರು, ಸರಿಹೋಗ್ತಿತ್ತು. ನೆರವಿನ ಜೊತೆ ಹೊಸ ದುರ್ಬೀನು ಬಂತು, ಹೊಸ ಕೋಲೂ ಬಂತು. ದುರ್ಬೀನಿನ ಚಾರ್ಜರ್ ಬರ್ಲಿಲ್ಲ. ಹಳೇ ದುರ್ಬೀನಲ್ಲಿ ಹೊಸ ಕೋಲು ನೋಡಿದ್ರೆ ಆರು ಒಂಬತ್ತಾಗಿ ಕಾಣುತ್ತೆ, ನೆಲ ತಗ್ಗಿದೆ ಅಂತ ಕಟ್ಟೆ ಎತ್ತರ ಆಗ್ಬಿಡುತ್ತೆ. ಪ್ರತಿ ಮನೆ ಹತ್ರಾನೂ ತಲೇಲೇ ತಿರುಗಿಸಿ ಬರ್ಕೊಂಡೆ."

"ನಮ್ಮನೇದು ಯಾಕೆ ತಿರುಗಿಸ್ಲಿಲ್ಲ?"

"ಆವತ್ತು ಕೋಲು ಹಿಡ್ಕೊಂಡಿದ್ದು ನೀವು."

"ಅದಕ್ಕೆ?"

"ನಗ್ತಾ ಇದ್ರಿ." ಅವನು ಸ್ಟ್ಯಾಂಡಿನ ತಿರುಪನ್ನು ಸುಮ್ಮನೆ ತಿರುವಿದ. "ತಲೆ ಆಗ್ಲೇ ತಿರುಗಿಬಿಟ್ಟಿತ್ತು."

ಬಯ್ಯಬೇಕು ಅಂತಲೇ ಬಂದಿದ್ದಳು. ಟೇಪು ಸುತ್ತಿಕೊಳ್ಳತೊಡಗಿದಳು. ಅದು ಮೊದಲೇ ಸುತ್ತಿಯಾಗಿತ್ತು.

"ನಾಡಿದ್ದು ಹೊರದೇಶದ ಮೇಡಂ ಎಲ್ಲಾ ನೋಡೋಕೆ ಬರ್ತಾರೆ," ಅಂದ ಅವನು. "ತಪ್ಪು ನಂದು ಅಂತ ಹೇಳ್ಬಿಡ್ತೀನಿ. ಹೇಳಿದ್ರೆ ಮುಂದಿನ ಊರಿನ ಕೆಲಸಕ್ಕೆ ಕಲ್ಲು ಬೀಳುತ್ತೆ."

"ಮುಂದಿನ ಊರಾ?"

"ಇಲ್ಲಿದು ಮುಗೀತಲ್ಲ."

"ಹೌದಲ್ವಾ. ಕಟ್ಟೋರು ಕಟ್ಟಿ ಹೋಗ್ತಾರೆ. ನಾಳೆ ನಲ್ಲಿ ಕೆಟ್ರೆ, ಗುಂಡಿ ತುಂಬಿದ್ರೆ ನಾವು ಯಾರನ್ನ ಕೇಳೋದು?"

ಬಾಯಿ ನಲ್ಲಿಯ ಬಗ್ಗೆ ಕೇಳಿತು, ಕಣ್ಣು ಇನ್ನೇನೋ ಕೇಳಿತು. ಎರಡೂ ಅವನಿಗೆ ಕೇಳಿಸಿತು. ಅವನು ಸ್ಟ್ಯಾಂಡ್ ಮಡಚಿದ.

ಮೇಡಂ ಬಂದರು. ಐದು ಮೆಟ್ಟಿಲಿನ ಸಾಲು ನೋಡುತ್ತ ಬಂದವರು ಏಳರ ಮುಂದೆ ನಿಂತರು. ಇದೊಂದೇ ಯಾಕೆ ಎತ್ತರ?

ದುಭಾಷಿಯೂ ಆಗಿದ್ದ ಆಫೀಸಿನ ಸಾಹೇಬರು ರೆಡಿಯಾಗಿದ್ದರು. ಮುಂದೆ ಬರಲಿರುವ ಮಹಾ ನೆರೆಗಾಗಿ ಇದೊಂದು ಪ್ರಾಯೋಗಿಕ ಮಾದರಿ ಎಂದು ಇಂಗ್ಲಿಷಿನಲ್ಲಿ ಶುರುಮಾಡಿಯೇಬಿಟ್ಟರು.

"ಅಲ್ಲ ಮೇಡಂ," ಎಂದು ಸರ್ವೇಯರ್ ತನಗೆ ಬಂದಷ್ಟು ಇಂಗ್ಲಿಷಿನಲ್ಲೇ ಹೇಳುತ್ತ ಮುಂದೆ ಬಂದ. "ಅಳತೆ ತಪ್ಪಿದ್ದು ನಾನು."

ಹೇಗೆ ತಪ್ಪಿತು ಎಂದು ಆಕೆ ಕೇಳಿದರು. ಅವನು ತನ್ನ ಚಪ್ಪಲಿ ನೋಡಿಕೊಂಡ.

"ಹೇಳ್ರೀ ಆಯಮ್ಮಂಗೆ," ಅಂದಳು ಅಜ್ಜಿ ಸಾಹೇಬರಿಗೆ. "ಕೋಲು ನೋಡೋ ಬದ್ಲು ಕೋಲು ಹಿಡಿದೋಳನ್ನ ನೋಡ್ದ ಅಂತ!"

ಸಾಹೇಬರು ಕೆಮ್ಮಿ, 'ಸಲಕರಣೆಯ ದೋಷ' ಎಂದು ಅನುವಾದಿಸಿದರು. ಆದರೆ ಮೇಡಂ ಆಗಲೇ ಒಬ್ಬನ ಕೆಂಪು ಕಿವಿಯನ್ನೂ ಒಬ್ಬಳ ಬಗ್ಗಿದ ತಲೆಯನ್ನೂ ನೋಡಿ ನಗತೊಡಗಿದ್ದರು. ಆ ಭಾಷೆಗೆ ದುಭಾಷಿ ಬೇಕಿರಲಿಲ್ಲ.

ಹೋಗುವಾಗ ಎರಡು ಮಾತು ಹೇಳಿ ಹೋದರು. ಅಜ್ಜಿ ಹಿಡಿದು ಹತ್ತಲು ಕಂಬಿ ಹಾಕಿಸಿ. ಮತ್ತೆ, ತಪ್ಪನ್ನು ತಪ್ಪು ಅನ್ನುವ ಈ ಹುಡುಗನನ್ನೇ ಮುಂದಿನ ಊರಿಗೆ ಕಳಿಸಿ.

ಬೀದಿಯವರೆಲ್ಲ ಅವನ ಬೆನ್ನು ತಟ್ಟಿದರು. ಟೈಲರ್ ಹುಡುಗಿ ಮಾತ್ರ ಒಳಗೆ ಹೋಗಿ, ಹೊಲಿದ ತೋಳನ್ನೇ ಮತ್ತೆ ಹೊಲಿದಳು. ಸುಳ್ಳು ಹೇಳಿದ್ದರೂ ಹೋಗುತ್ತಿದ್ದ, ನಿಜ ಹೇಳಿಯೂ ಹೊರಟ.

ಮುಂದಿನ ವಾರ ಕಂಬಿ ಬಂತು. ಅವನೇ ಕೂತು ತಿರುಪು ಬಿಗಿದ. ಸಂಜೆಯ ಬಿಸಿಲು ಮೆಟ್ಟಿಲ ಮೇಲೆ ಆರಾಮಾಗಿ ಕಾಲು ಚಾಚಿತ್ತು. ಅಜ್ಜಿ ಎಲ್ಲೂ ಕಾಣಲಿಲ್ಲ.

"ಯಾವಾಗ ಹೊರಡೋದು?" ಎಂದಳು, ಮೇಲಿನ ಮೆಟ್ಟಿಲಲ್ಲಿ ಕೂತು.

"ಹೊರಡ್ತಿಲ್ಲ. ಇಲ್ಲಿನ ನೀರಿನ ಆಫೀಸಲ್ಲಿ ಕೆಲಸ ಖಾಲಿ ಇತ್ತು. ನಲ್ಲಿ, ಗುಂಡಿ, ಕೊಳವೆಬಾವಿ ನೋಡ್ಕೊಳ್ಳೋದು. ಯಾರೂ ಬರ್ತಿರ್ಲಿಲ್ವಂತೆ. ನಾನು ಸೇರ್ಕೊಂಡೆ."

"ಸಂಬಳ?"

"ಅಲ್ಲಿನ ಅರ್ಧ."

"ಹುಚ್ಚಾ ನಿಮಗೆ?"

"ಯಾರನ್ನ ಕೇಳೋದು ಅಂದ್ರಲ್ಲ." ಅವನು ಅವಳ ಕೆಳಗಿನ ಮೆಟ್ಟಿಲಲ್ಲಿ ಕೂತ. "ನನ್ನನ್ನ ಕೇಳಿ."

"ಏನ್ ಬೇಕಾದ್ರೂ?"

"ಏನ್ ಬೇಕಾದ್ರೂ."

ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಈಗ ನಾನು ನೆಟ್ಟಗೆ ಕಾಣ್ತಿದೀನಾ, ಉಲ್ಟಾನಾ?"

"ನೆಟ್ಟಗೇ. ನನ್ನ ತಲೆ ಮಾತ್ರ ಇನ್ನೂ ನೆಟ್ಟಗಾಗಿಲ್ಲ. ಆಗೋದೂ ಬೇಡ ಅನ್ಸುತ್ತೆ. ಇಲ್ಲೇ, ನಿಮ್ಮ ಜೊತೆ ಇರ್ಲಾ?"

ಅವಳು ಟೇಪಿನ ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಅವನು ಹಿಡಿದುಕೊಂಡ.

"ಎರಡು ಮೆಟ್ಟಿಲು ಜಾಸ್ತಿ ಅಂತ ಸುಮ್ನೆ ಜಗಳ ಆಡ್ದೆ," ಅಂದಳು. "ಲೆಕ್ಕ ಸರಿಯಾಗೇ ಇದೆ. ಒಂದು ನಿಮಗೆ, ಒಂದು ನನಗೆ."

ಬೆನ್ನ ಹಿಂದೆ ಚಿಲಕ ಸದ್ದಾಯಿತು. ಶೌಚಾಲಯದ ಬಾಗಿಲು ಒಂದಿಷ್ಟೇ ತೆರೆದು ಅಜ್ಜಿಯ ಮೂಗು ಹೊರಬಂತು.

"ಮಾತು ಮುಗೀತೇನ್ರೋ? ಆಗ್ಲಿಂದ ಕಾಯ್ತಿದೀನಿ. ಮದುವೆಗೆ ನಾನು ಒಪ್ಪಿದೀನಿ, ಈಗ ದಾರಿ ಬಿಡಿ, ಇಳೀಬೇಕು!"